ಬಿದ್ದ ಮೇಲೆ ಕ್ಯಾಮೆರಾ ಹಿಡಿದವಳು

ಮೊನ್ನೆ ಮೇಜಿನ ಬಟ್ಟೆಯ ಮೇಲೆ ಮೇಣದಬತ್ತಿ ಕರಗಿ ಬಿದ್ದಿತ್ತು. ಕಾಗದ ಹಾಸಿ ಇಸ್ತ್ರಿಪೆಟ್ಟಿಗೆ ಒತ್ತಿದೆ. ಬಿಸಿ ಮೇಣದ ವಾಸನೆ ಎದ್ದದ್ದೇ ತಡ, ಫೆಲ್ಥಮ್‌ನ ನಮ್ಮ ಹಳೆಯ ಮನೆಯ ಹಿತ್ತಲು, ಬೇಲಿಯಾಚೆಯ ಶೆಡ್ಡು, ಅಲ್ಲಿ ಹಿಮದ ಮೇಲೆ ಜಾರುವ ತನ್ನ ಹಲಗೆಯ, ಸ್ನೋಬೋರ್ಡಿನ, ಅಡಿಗೆ ಮೇಣ ಕರಗಿಸಿ ಸವರುತ್ತಿದ್ದ ಪಕ್ಕದ ಮನೆಯ ಹುಡುಗಿ...

ತೊಂಬತ್ತರ ದಶಕದ ಮಾತು. ಮದುವೆಯಾಗಿ ಧಾರವಾಡದಿಂದ ಈ ಪರದೇಶಕ್ಕೆ ಬಂದ ನಾನು ವಿಮಾನಗಳಿಗೆ ಊಟ ಕಟ್ಟುವ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿದ್ದೆ. ಅವಳ ತಂದೆತಾಯಿ ಬೆಳಗಾವಿಯವರು. ಅವಳು ಹುಟ್ಟಿದ್ದು ಇಲ್ಲೇ. ನನ್ನನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದಳು. ಹಿಮವೇ ಸರಿಯಾಗಿ ಬೀಳದ ಈ ಊರಿನಲ್ಲಿ, ಪ್ಲಾಸ್ಟಿಕ್ ಹಾಸಿದ ಇಳಿಜಾರಿನ ಮೇಲೆ ಮೊಣಕೈ ತರಚಿಕೊಂಡು ಹಲಗೆಯ ಮೇಲೆ ಜಾರುವುದನ್ನು ಕಲಿತಿದ್ದಳು. ಇಪ್ಪತ್ತೆರಡರ ಹೊತ್ತಿಗೆ ಬೋರ್ಡ್ ತಯಾರಿಸುವ ಕಂಪನಿಯೊಂದು ಸಂಬಳ ಕೊಟ್ಟು ಅವಳನ್ನು ಆಲ್ಪ್ಸ್ ಪರ್ವತದ ಸ್ಪರ್ಧೆಗಳಿಗೆ ಕಳಿಸುತ್ತಿತ್ತು. ಚಳಿಗಾಲ ಮುಗಿಸಿ ಬರುವಾಗ ಹಿಮದ ಬಿಸಿಲಿಗೆ ಮುಖವೆಲ್ಲ ಕಪ್ಪಾಗಿ, ಕನ್ನಡಕದ ಜಾಗ ಮಾತ್ರ ಬೆಳ್ಳಗಿರುತ್ತಿತ್ತು.

ಒಂದು ಜನವರಿಯಲ್ಲಿ ಗಾಲಿಕುರ್ಚಿಯಲ್ಲಿ ಬಂದಳು. ಜಿಗಿದು ಇಳಿಯುವಾಗ ಮಂಡಿಯೊಳಗಿನ ಸ್ನಾಯು ಹರಿದಿತ್ತು. ಇನ್ನು ಜಿಗಿಯುವಂತಿಲ್ಲ ಎಂದರು ಡಾಕ್ಟರು. ಕಂಪನಿಯ ಒಪ್ಪಂದವೂ ಅಲ್ಲಿಗೆ ಮುಗಿಯಿತು.

"ಈಗರ ಒಂದು ಛಲೋ ನೌಕರಿ ಹಿಡಿ," ಎಂದರು ಅವಳ ತಾಯಿ.

ಅವಳು ಮಾತ್ರ ಸೋಫಾದ ಮೇಲೆ ಕಾಲು ಚಾಚಿ, ತಾನು ಬಿದ್ದ ವಿಡಿಯೋವನ್ನು ಹಿಂದೆ ಮುಂದೆ ಓಡಿಸಿ ನೋಡುತ್ತಲೇ ಇದ್ದಳು. ನೋಡಲಾಗದೆ ಒಂದು ಮಧ್ಯಾಹ್ನ ನಾನು ಟಿವಿ ಆರಿಸಲು ಹೋದೆ.

"ಎಷ್ಟ್ ಸಲ ನೋಡತಿ? ಸಾಕು."

"ಬಿದ್ದಿದ್ದು ನೋಡಾಕತ್ತಿಲ್ಲ, ವೈನಿ. ಕ್ಯಾಮೆರಾ ರಾಂಗ್ ಜಾಗಾದಾಗ ನಿಂತೈತಿ. ಬಿದ್ದಿದ್ದು ಕಾಣತೈತಿ, ಯಾಕ ಬಿದ್ದೆ ಅಂತ ಕಾಣಂಗಿಲ್ಲ."

ಅದು ದುಃಖವಲ್ಲ, ಕಲಿಕೆ ಎಂದು ನನಗೆ ಆಗ ತಿಳಿಯಿತು.

ಊರುಗೋಲು ಬಿಟ್ಟ ವಾರವೇ ಹಳೆಯದೊಂದು ಕ್ಯಾಮೆರಾ ಕೊಂಡಳು. "ಕೌದಿ ಹೊಲೀತೀರಲ್ಲ ವೈನಿ, ಹಂಗ ಪದರ ಹಾಕಿ ಇದಕ್ಕೊಂದು ಚೀಲ ಹೊಲದು ಕೊಡ್ರಿ," ಎಂದಳು. ಹಳೆಯ ನೂಲಿನ ಸೀರೆಗಳ ನಡುವೆ ರಬ್ಬರ್ ಹಾಳೆ ಇಟ್ಟು ಹೊಲಿದೆ. ಮೂರು ಸೂಜಿ ಮುರಿದವು. ಅದನ್ನು ಬೆನ್ನಿಗೇರಿಸಿ ಮತ್ತೆ ಪರ್ವತಕ್ಕೆ ಹೋದಳು. ಜಿಗಿಯಲಾಗದಿದ್ದರೂ, ಜಿಗಿಯುವ ಹುಡುಗಿಯರ ಹಿಂದೆಯೇ ಜಾರುತ್ತ ಎರಡು ಚಳಿಗಾಲ ಚಿತ್ರೀಕರಿಸಿದಳು.

ಬೀಳುವ ದೃಶ್ಯಗಳನ್ನು ಕತ್ತರಿಸಿ ಹಾಕಿದರೆ ಚಿತ್ರ ಕೊಳ್ಳುತ್ತೇನೆ ಎಂದ ವಿತರಕನ ಮಾತಿಗೆ ಅವಳು ಒಪ್ಪಲಿಲ್ಲ. ನಮ್ಮ ಬಡಾವಣೆಯ ಹಾಲ್‌ನಲ್ಲಿ ತಾನೇ ತೋರಿಸಿದಳು. ಪರದೆಯ ಮೇಲೆ ಹುಡುಗಿಯರು ಹಾರಿದರು, ಬಿದ್ದರು, ಹಲಗೆ ಹೊತ್ತು ಮತ್ತೆ ಗುಡ್ಡ ಹತ್ತಿದರು. ನನ್ನ ಪಕ್ಕ ಕುಳಿತಿದ್ದ ಅವಳ ತಾಯಿ ಮೆಲ್ಲಗೆ ಕೇಳಿದರು: "ಇಷ್ಟ್ ಎತ್ತರ ಹಾರತಿದ್ಲೇನ್ ನಮ್ಮಾಕಿ?"

ವಿಡಿಯೋ ಟೇಪ್ ಮಾಡಿ ಬೋರ್ಡ್ ಅಂಗಡಿಗಳಿಗೆ ಅವಳೇ ಹೊತ್ತು ಕೊಟ್ಟ ಆ ಚಿತ್ರ ದೇಶ ದಾಟಿತು. ಪರ್ವತದಲ್ಲಿ ಅವಳ ಚೀಲ ಕಂಡ ಬೇರೆ ಕ್ಯಾಮೆರಾದವರೂ ತಮಗೊಂದು ಬೇಕೆಂದರು.

"ಅಡಿಗಿ ಕೆಲಸ ಬಿಡ್ರಿ ವೈನಿ. ಚೀಲದ ಕಂಪನಿ ಮಾಡೂಣು, ಅರ್ಧಾ ನಿಮ್ದು," ಎಂದಳು. ವಾರವಿಡೀ ಯೋಚಿಸಿ ಕೆಲಸ ಬಿಟ್ಟೆ. ಐವರು ಹೆಂಗಸರು ಹೊಲಿಗೆಗೆ ಸೇರಿದರು. ಚಳಿಗಾಲ ಅವಳಿಗೆ ಚಿತ್ರ, ಬೇಸಿಗೆ ವ್ಯಾಪಾರ. ಹತ್ತು ವರ್ಷ ಹಾಗೇ ನಡೆಯಿತು... ನಲವತ್ತು ತುಂಬುವ ಮೊದಲೇ ಕಾಯಿಲೆಯಿಂದ ತೀರಿಕೊಂಡಳು.

ಕೆಲಸವನ್ನು ನಾನಿನ್ನೂ ನಡೆಸುತ್ತಿದ್ದೇನೆ. ಚೀಲದ ಪ್ರತಿ ಹೊಸ ಮಾದರಿಯೊಳಗೂ ಅವಳು ತನ್ನ ಕ್ಯಾಮೆರಾವನ್ನೇ ಇಟ್ಟು ಮೆಟ್ಟಿಲ ಮೇಲಿಂದ ಉರುಳಿಸುತ್ತಿದ್ದಳು. ನಾವೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದೆವು. ಈಗ ಉರುಳಿಸುವವಳು ನಾನು. ಒಳಗೆ ಕ್ಯಾಮೆರಾ ಅಲ್ಲ, ಇಟ್ಟಿಗೆ ಇಡುತ್ತೇನೆ. ನನ್ನ ಹೊಲಿಗೆಯ ಮೇಲೆ ಅವಳಿಗಿದ್ದಷ್ಟು ನಂಬಿಕೆ ನನಗಿನ್ನೂ ಬಂದಿಲ್ಲ.