ಗೂಡ್ಸ್ ಗಾಡಿ ತಂಡಕ್ಕೆ ಬರೆದ ಐದು ಚೀಟಿಗಳು

ಸಂಜಯನಗರದ ಬಾಡಿಗೆ ಕೋಣೆಯಲ್ಲಿ ನನ್ನ ಮೊದಲ ಭಾನುವಾರ, ಗೋಡೆಗೆ ಆನಿಸಿಟ್ಟಿದ್ದ ತಾಟು ತಾನಾಗಿಯೇ ಗಲಗಲ ಎನ್ನತೊಡಗಿತು. ಭೂಮಿ ನಡುಗಿತೆಂದು ಹಿಟ್ಟಿನ ಕೈಯಲ್ಲೇ ಹೊರಗೆ ಓಡಿದೆ. ಮನೆಯೊಡತಿ ಜಯಮ್ಮ ಅಂಗಳದಲ್ಲಿ ಆರಾಮಾಗಿ ಅವರೆಕಾಯಿ ಬಿಡಿಸುತ್ತಿದ್ದರು.

"ಎದುರ್ಕೋಬ್ಯಾಡ ಕಣವ್ವ. ನನ್ ತಮ್ಮನ್ ಮಗ ಮೋಹನ, ಅವನ್ ಸ್ನೇಯಿತ್ರು. ದನ ಮಾರಿದ್ ಮ್ಯಾಕೆ ಕೊಟ್ಟಿಗೇಲಿ ಇಂಗೇ ಕುಟ್ತಾ ಇರ್ತಾರೆ."

ತಾಟಿಗೆ ಇಲ್ಲಿ ತಟ್ಟೆ ಎನ್ನುತ್ತಾರೆ. ನಮ್ಮ ಗದಗಿನಲ್ಲಿ ಹೊಸಬರಿಗೆ ಮೊದಲು ಚಹಾ ಕೊಟ್ಟು ಆಮೇಲೆ ಊರು ಕೇಳುತ್ತಾರೆ. ಇಲ್ಲಿ ಮೊದಲು ಕೇಳಿದ್ದು ದಿನಕ್ಕೆ ಎಷ್ಟು ಕೊಡ ನೀರು ಬೇಕೆಂದು. ಜೋಳದ ಹಿಟ್ಟಿಗೆ ಯಶವಂತಪುರಕ್ಕೇ ಹೋಗಬೇಕು. ಅಲ್ಲಿನ ಒಂದು ಕಾರ್ಖಾನೆಯ ಆಫೀಸಿನಲ್ಲಿ ನಾನು ಟೈಪಿಸ್ಟ್. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನನ್ನ ಮಾತಿನ ಧಾಟಿಗೆ ಯಾರಾದರೂ ನಕ್ಕರೆ ಸಂಜೆಯವರೆಗೂ ತುಟಿ ಬಿಚ್ಚುತ್ತಿರಲಿಲ್ಲ. ಕೂತಲ್ಲಿ ಕೂರಲಾಗದ ಚಡಪಡಿಕೆ. ಹುಬ್ಬಳ್ಳಿ ಶಾಖೆಗೆ ವರ್ಗ ಕೇಳುವ ಅರ್ಜಿಯನ್ನು ಪ್ರತಿ ಶನಿವಾರ ಟೈಪು ಮಾಡುತ್ತಿದ್ದೆ, ಸೋಮವಾರ ಹರಿದು ಹಾಕುತ್ತಿದ್ದೆ.

ನಡುವಿನ ಭಾನುವಾರವೇ ಅದಕ್ಕೆ ಕಾರಣ. ನನ್ನ ಗೋಡೆಯಾಚೆಯ ಕೊಟ್ಟಿಗೆಯಲ್ಲಿ ಭಾನುವಾರ ಬಾರಿಸುತ್ತಿದ್ದ ತಂಡದ ಹೆಸರು 'ಗೂಡ್ಸ್ ಗಾಡಿ'. ನಾಲ್ಕು ಜನ, ಎರಡು ಗಿಟಾರು, ಒಂದು ಡ್ರಮ್ಮು. ಆರ್ಕೆಸ್ಟ್ರಾದವರೆಲ್ಲ ಸಿನಿಮಾ ಹಾಡುಗಳನ್ನು ಹಾಡುತ್ತಿದ್ದರೆ, ಇವರು ತಾವೇ ಬರೆದದ್ದನ್ನು ಹಾಡುತ್ತಿದ್ದರು: ಬಾರದ ಬಸ್ಸಿನ ಬಗ್ಗೆ, ಹೆಬ್ಬಾಳದ ಕೆರೆಯ ಬಗ್ಗೆ, ಕಾರ್ಖಾನೆಯ ಸೈರನ್ನಿನ ಬಗ್ಗೆ. ಕಂಠವೇನೂ ಮಹಾ ಅಲ್ಲ. ಮೋಹನ ಮೇಲಿನ ಸ್ವರಕ್ಕೆ ಏರಿದರೆ ಈಚೆ ನನಗೆ ಕೆಮ್ಮು ಬರುತ್ತಿತ್ತು! ಆದರೂ ನನ್ನ ಹಾಗೆ ತಳಮಳಿಸುವವರು ಈ ಊರಿನಲ್ಲಿ ಇನ್ನೂ ನಾಲ್ವರಿದ್ದಾರೆ ಎನ್ನಿಸಿ ಎದೆ ಹಗುರಾಗುತ್ತಿತ್ತು. ರೊಟ್ಟಿ ಬಡಿಯುತ್ತ ಎಲ್ಲ ಹಾಡುಗಳನ್ನೂ ಬಾಯಿಪಾಠ ಮಾಡಿದೆ. ಹೋಗಿ ಮಾತನಾಡಿಸುವ ಧೈರ್ಯ ಮಾತ್ರ ಬರಲಿಲ್ಲ.

ಗಣೇಶನ ಹಬ್ಬಕ್ಕೆ ಪೆಂಡಾಲಿನಲ್ಲಿ ಅವರ ಕಾರ್ಯಕ್ರಮ. ಜಯಮ್ಮ ಕೆಟ್ಟ ಸುದ್ದಿ ತಂದರು. "ಇವರ್ ಸ್ವಂತ ಆಡ್ನ ಯಾರೂ ಕೇಳ್ದಿದ್ರೆ ಮುಂದಿನ್ ವರ್ಸ ಬ್ಯಾರೆಯೋರ್ನ ಕರೀತಾರಂತೆ ಕಮಿಟಿಯೋರು. ಆಗ್ಲಾದ್ರೂ ಕುಟ್ಟೋದ್ ಬಿಟ್ಬುಡು ಅಂತ ನನ್ ತಮ್ಮನೂ ಅಂದವ್ನೆ."

ಬೇಕಾದ ಹಾಡನ್ನು ಚೀಟಿಯಲ್ಲಿ ಬರೆದು, ಕೆಳಗೆ ಹೆಸರು, ಊರು ಸೇರಿಸಿ ವೇದಿಕೆಗೆ ಕಳಿಸುವುದು ಇಲ್ಲಿನ ರೂಢಿ. ನಾನು ಐದು ಚೀಟಿ ಬರೆದೆ. ಐದು ಬಗೆಯ ಅಕ್ಷರ, ಐದು ಸುಳ್ಳು ಹೆಸರು. ಹೆಂಗಸರ ಸಾಲಿನಿಂದ ಅವು ಕೈಯಿಂದ ಕೈಗೆ ದಾಟಿ ಹೋದವು.

ನಾಲ್ಕು ಹಾಡುಗಳನ್ನು ಮೋಹನ ಹಿಗ್ಗಿನಿಂದ ಹಾಡಿದ. ಐದನೆಯ ಚೀಟಿ ಓದಿ ನಿಂತುಬಿಟ್ಟ. ಮೈಕಿನಲ್ಲೇ ಕೇಳಿದ, "ಕೆಂಪಾಪುರದ ಗಿರಿಜಮ್ಮ ಯಾರ್ರೀ? ಈ ಹಾಡ್ನ ನಾವಿನ್ನೂ ಯಾರ್ ಮುಂದೇನೂ ಹಾಡೇ ಇಲ್ವಲ್ಲ!"

ಗೋಡೆಯಾಚೆಯಿಂದ ಕೇಳಿದವಳಿಗೆ ಯಾವ ಹಾಡು ಹೊರಗೆ ಬಂದಿದೆ, ಯಾವುದು ಬಂದಿಲ್ಲ ಎಂದು ಹೇಗೆ ತಿಳಿಯಬೇಕು? ಜಯಮ್ಮ ತಿರುಗಿ ನನ್ನನ್ನೇ ನೋಡಿದರು. ಮೋಹನನೂ ನೋಡಿದ. ಐದೂ ಚೀಟಿಗಳನ್ನು ಪಕ್ಕಪಕ್ಕ ಹಿಡಿದ. ಎಲ್ಲವೂ ಒಂದೇ ತೆಳು ಟೈಪಿಂಗ್ ಕಾಗದ. ಅವನ ಮುಖ ಇಳಿಯಿತು. ನೆಲ ಬಾಯಿ ಬಿಡಬಾರದೇ ಎನ್ನಿಸಿತು ನನಗೆ.

"ಇದು ಇನ್ನೂ ಅರ್ಧ ಆಗಿದೆ. ಇರೋಷ್ಟು ಹಾಡ್ತೀವಿ," ಎಂದು ಶುರು ಮಾಡಿದ. ಯಶವಂತಪುರದಲ್ಲಿ ಒಂಟಿಯಾಗಿ ನಿಂತ ಗೂಡ್ಸ್ ಬೋಗಿಯ ಹಾಡು. ಅದು ಎಲ್ಲಿಂದ ಬಂತೆಂದು ಯಾರಿಗೂ ಗೊತ್ತಿಲ್ಲ. ಒಂದೇ ಚರಣಕ್ಕೆ ಮುಗಿಯಿತು. ಹಿಂದಿನಿಂದ ಯಾರೋ ಸಿನಿಮಾ ಹಾಡಿಗೆ ಕೂಗಿದರು.

ಮುಂದಿನ ವರ್ಷ ಬೇರೆ ಆರ್ಕೆಸ್ಟ್ರಾ ಬಂತು. ಕೊಟ್ಟಿಗೆ ಕೆಡವಿ ಜಯಮ್ಮ ಇನ್ನೆರಡು ಕೋಣೆ ಕಟ್ಟಿಸಿದರು. ಗೂಡ್ಸ್ ಗಾಡಿಯ ಒಂದು ಹಾಡೂ ಯಾವ ಕ್ಯಾಸೆಟ್ಟಿಗೂ ಏರಲಿಲ್ಲ. ನನ್ನ ಚೀಟಿಗಳೇ ಅವರ ಮನಸ್ಸು ಮುರಿದವೇನೋ ಎಂಬ ಕೊರಗು ನನ್ನನ್ನು ಬಿಡಲಿಲ್ಲ. ಬಾಗಲಗುಂಟೆಗೆ ಮನೆ ಬದಲಾಯಿಸಿದೆ, ತಿರುಗಿ ಸಂಜಯನಗರಕ್ಕೇ ಬಂದೆ. ಹಾಡುಗಳು ನನ್ನ ಜೊತೆಗೇ ತಿರುಗಿದವು. ಹೀಗೇ ಹತ್ತು ವರ್ಷ. ಕಡೆಗೆ ಅರ್ಜಿಯನ್ನು ಹರಿಯದೆ ಕೊಟ್ಟೆ. ಮುಂದಿನ ಸೋಮವಾರ ಹುಬ್ಬಳ್ಳಿಯಲ್ಲಿ ಹಾಜರಾಗಬೇಕು.

ನಿನ್ನೆ ಕೆಂಪಾಪುರದಲ್ಲಿ ಮೋಹನನ ಎಲೆಕ್ಟ್ರಿಕ್ ಅಂಗಡಿಗೆ ಹೋದೆ. "ಆ ಚೀಟಿ ನಾನೇ ಬರದಿದ್ದೆ ರೀ," ಎಂದೆ.

"ಗೊತ್ತು ಕಣ್ರೀ. ಐದೂ ಒಬ್ರದ್ದೇ ಅಂತ ಅವತ್ತು ಬೇಜಾರಾಯ್ತು. ಆಮೇಲೆ, ಒಬ್ರಾದ್ರೂ ಇದ್ರಲ್ಲ ಅನ್ನಿಸ್ತು." ವೈರು ಸುತ್ತುತ್ತ ಕೇಳಿದ, "ಆ ಬೋಗಿ ಹಾಡು ನಂಗೆ ಮರ್ತೇ ಹೋಗಿದೆ. ನಿಮ್ಗೆ ಬರುತ್ತಾ?"

ಬಲ್ಬುಗಳ ನಡುವೆ ನಿಂತು ಬೋಗಿಯ ಹಾಡು ಹಾಡಿದೆ. ಚರಣ ಮುಗಿದರೂ ನಿಲ್ಲಿಸಲಿಲ್ಲ. ಇಷ್ಟು ವರ್ಷ ಗುನುಗುತ್ತ ಎರಡನೆಯದೊಂದು ತಾನಾಗಿ ಕೂಡಿಕೊಂಡಿತ್ತು: ಬೋಗಿ ಬಂದದ್ದು ಗದಗಿನಿಂದ, ಬಾಗಿಲು ತೆರೆದರೆ ಒಳಗೆಲ್ಲ ಎರೆಮಣ್ಣಿನ ಧೂಳು.

"ಇದು ನಾವ್ ಬರೆದಿದ್ದಲ್ವಲ್ರೀ!"

"ಅಲ್ಲ. ನಂದು."

ಅವನು ವೈರು ಬದಿಗಿಟ್ಟು ಬಿಲ್ ಪುಸ್ತಕ ಎಳೆದುಕೊಂಡ. ನಾನು ಮತ್ತೆ ಹೇಳುತ್ತ ಹೋದೆ, ಅವನು ಬರೆದುಕೊಂಡ. ಮುಗಿದ ಮೇಲೆ ತಲೆ ಎತ್ತದೆ ಕೇಳಿದ, "ಕೆಳಗೆ ಹೆಸ್ರು, ಊರು?"

"ಶಾಂತಾ," ಎಂದೆ. ಈ ಸಲ ನಿಜವಾದ ಹೆಸರು. ಊರು ಮಾತ್ರ, ಗದಗೋ ಸಂಜಯನಗರವೋ, ಬಾಯಿಗೆ ಬರಲೊಲ್ಲದು. ಮೋಹನ ಪೆನ್ನು ಹಿಡಿದು ಕಾಯುತ್ತಲೇ ಇದ್ದ.