ಹಾಳೆ ತಂಬಾಕಿನ ಹದ ಹೇಳುವ ಬೋರವ್ವ

ಗುಡೂರಿನ ಹಿಂದಿನ ಓಣಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ತಗಡಿನ ಶೆಡ್ಡಿನ ಬಾಗಿಲು ತೆರೆದ ಕೂಡಲೇ ಒಳಗಿನ ವಾಸನೆ ಮೈಮೇಲೆ ಬರುತ್ತದೆ. ಹಳೆಯ ಬೆಲ್ಲ, ಒಣಹುಲ್ಲು, ತುಸು ಹುಳಿ, ಅದರ ಅಡಿಯಲ್ಲಿ ಗಂಟಲು ಹಿಡಿಯುವ ಘಾಟು. ನಾನು ಕೆಮ್ಮುತ್ತ ಹಿಂದೆ ಸರಿಯುತ್ತೇನೆ. ಬೋರವ್ವ ಮಾತ್ರ ಹೊಸ್ತಿಲ ಮೇಲೆ ನಿಂತು, ಕಣ್ಣು ಮುಚ್ಚಿ, ನಿಧಾನವಾಗಿ ಉಸಿರೆಳೆದುಕೊಳ್ಳುತ್ತಾರೆ.

"ಬಲಗಡಿ ಮೂಲ್ಯಾಗ ಒಂದು ಕೆಟ್ಟೈತಿ ನೋಡ್ರಿ ಸಾವ್ಕಾರ್ರ."

ಶೆಡ್ಡಿನ ಮಾಲೀಕರಾದ ಬಾಬುಸಾಬರು ಎರಡನೇ ಮಾತಾಡದೆ ಬಲಮೂಲೆಗೆ ಹೋಗಿ ಗೋಣಿಚೀಲ ಸರಿಸುತ್ತಾರೆ. ಇಟ್ಟಿಗೆಯಂತೆ ಒಂದರ ಮೇಲೊಂದು ಪೇರಿಸಿಟ್ಟ ತಂಬಾಕಿನ ಅಚ್ಚುಗಳು. ಕೆಳಗಿನದೊಂದರ ಅಂಚಿಗೆ ಬಿಳಿ ಬೂಷ್ಟು ಹಿಡಿದಿದೆ. ಅದನ್ನು ಎತ್ತಿ ಹೊರಗೆ ಹಾಕಿ ಬಂದು, ಇನ್ನೊಂದು ಅಚ್ಚನ್ನು ಬೋರವ್ವನ ಮುಂದೆ ಮಣೆಯ ಮೇಲೆ ಇಡುತ್ತಾರೆ.

ಬೋರವ್ವ ಅಗಲ ಚೂರಿಯಿಂದ ಅದರ ಒಂದು ಪದರು ಕೊಯ್ಯುತ್ತಾರೆ. ಕರಿ, ಕಂದು ಗೆರೆಗಳ ತೆಳ್ಳಗಿನ ಹಾಳೆಯೊಂದು ಬಿಚ್ಚಿಕೊಂಡು ಬರುತ್ತದೆ. ಅಂಗೈಯಲ್ಲಿ ಹೊಸಕಿ ಮೂಸುತ್ತಾರೆ. ಪುಡಿಯನ್ನು ಮಣ್ಣಿನ ಚಿಲುಮೆಗೆ ತುಂಬುತ್ತಾರೆ. ಆದರೆ ಎಳೆಯುವುದು ಅವರಲ್ಲ, ಬಾಬುಸಾಬರು.

"ಎಲ್ಲಿ ಕಚ್ಚತೈತ್ರಿ, ನಾಲಗಿ ತುದೀಗೋ, ಹಿಂದೋ?"

"ತುದೀಗೆ."

"ಹೊಗಿ ಬಿಟ್ಟ ಮ್ಯಾಲ ಬಾಯಿ ಒಣಗತೈತೇನು?"

"ಸ್ವಲ್ಪ ಒಣಗತೈತಿ ಅಕ್ಕಾ."

"ಹಂಗಾರ ಇನ್ನೂ ಹಸಿ ಐತಿ. ಮಲಗಸ್ರಿ."

ಹೋದ ತಿಂಗಳವರೆಗೆ ಚಿಲುಮೆ ಎಳೆದು ಹದ ಹೇಳುತ್ತಿದ್ದವರು ಬೋರವ್ವನೇ. ಈಗ ಅವರ ಎಡಗೆನ್ನೆಯ ಒಳಗೆ ಒಂದು ಹುಣ್ಣಿದೆ. ಬರುವ ಸೋಮವಾರ ಬಾಗಲಕೋಟೆಯ ಆಸ್ಪತ್ರೆಯೊಂದರಲ್ಲಿ ಅದಕ್ಕೆ ಶಸ್ತ್ರಚಿಕಿತ್ಸೆ. ಶೆಡ್ಡಿನಲ್ಲಿ ಇದು ಅವರ ಕೊನೆಯ ದಿನ.

ಬಾಬುಸಾಬರ ತಂದೆ ಶುರುಮಾಡಿದ ಕಸುಬು ಇದು. ಮುಚ್ಚಿಹೋದ ಹತ್ತಿ ಗಿರಣಿಯೊಂದರಿಂದ ತಿರುಪಿನ ಪ್ರೆಸ್ಸು ತಂದು ಇಲ್ಲಿ ಕೂರಿಸಿದರು. ನಿಪ್ಪಾಣಿ ಕಡೆಯಿಂದ ಬರುವ ಎಲೆಯ ನರ ತೆಗೆದು, ಬೆಲ್ಲದ ನೀರು ಚಿಮುಕಿಸಿ, ಕಟ್ಟಿಗೆಯ ಪೆಟ್ಟಿಗೆಯಲ್ಲಿ ಪದರು ಪದರಾಗಿ ಹಾಸಿ ಒತ್ತುತ್ತಾರೆ. ಆಮೇಲೆ ಅಚ್ಚುಗಳನ್ನು ಕತ್ತಲಲ್ಲಿ 'ಮಲಗಿಸುತ್ತಾರೆ'. ಬೇಗ ಎಬ್ಬಿಸಿದರೆ ನಾಲಿಗೆ ಸುಡುತ್ತದೆ, ತಡವಾದರೆ ಬೂಷ್ಟು ಹಿಡಿಯುತ್ತದೆ. ಈ ನಡುವಿನ ಹದ ಯಾವುದೆಂದು ಹೇಳಲು ಒಂದು ಬಾಯಿ ಬೇಕು. ಕುರಿ ಮೇಯಿಸುತ್ತ ಊರೂರು ತಿರುಗುವವರು, ಬೀರಪ್ಪನ ಗುಡಿಯ ಕಟ್ಟೆಯ ಮೇಲೆ ಕೂರುವ ಹಿರಿಯರು ಈ ಹಾಳೆ ತಂಬಾಕನ್ನೇ ಕೇಳಿ ಒಯ್ಯುತ್ತಿದ್ದರು. ಹುನಗುಂದ, ಇಳಕಲ್ಲು, ಬಾದಾಮಿಯ ಅಂಗಡಿಗಳಿಗೂ ಹೋಗುತ್ತಿತ್ತು. ಗುಟ್ಕಾ ಬಂದ ಮೇಲೆ ಚಿಲುಮೆ ಹಿಡಿಯುವವರು ಕಡಿಮೆಯಾದರು. ಉಳಿದವರು ಮುದುಕರು. ಅವರೂ ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ.

ಶೆಡ್ಡಿಗೆ ಮೊದಲು ಬಾಯಿಯಾಗಿದ್ದವರು ಬೋರವ್ವನ ಗಂಡ ಅಮಸಿದ್ದಪ್ಪ. ಕುರಿ ಕಾಯುತ್ತಿದ್ದ ಹರೆಯದಲ್ಲಿ ಒಮ್ಮೆ ಇಲ್ಲಿಗೆ ಬಂದು, ಕೊಂಡ ಪೊಟ್ಟಣವನ್ನು ಬಾಬುಸಾಬರ ತಂದೆಯ ಮುಂದೆ ಇಟ್ಟು, "ಇದನ್ನ ನನ್ನ ಕುರೀನೂ ಮೂಸಂಗಿಲ್ಲ" ಎಂದಿದ್ದರಂತೆ. ಮುದುಕರಿಗೆ ಸಿಟ್ಟು ಬರಲಿಲ್ಲ. ಬೇರೆ ಅಚ್ಚು ಕೊಯ್ದು ಕೊಟ್ಟು, "ಇದು ಹೆಂಗೈತಿ ಹೇಳಪಾ" ಎಂದರು. ಆವತ್ತು ಕೂತ ಅಮಸಿದ್ದಪ್ಪ ಮತ್ತೆ ಕುರಿಯ ಹಿಂದೆ ಹೋಗಲಿಲ್ಲ.

"ಪೊಟ್ಟಣದ ಮ್ಯಾಲ ಆ ಹುಣ್ಣಾದ ಬಾಯಿ ಚಿತ್ರ ಬಂತಲ್ರಿ," ಬೋರವ್ವ ನೆನೆಯುತ್ತಾರೆ, "ನಮ್ಮವ್ರು ಅದನ್ನ ನೋಡಿ ನಕ್ಕಿದ್ರು. 'ಯಾರಪಾ ಇಂವಾ, ಬಾಯಿ ತೊಳಕೊಂಡಿಲ್ಲ' ಅಂತ. ಮುಂದ ಅವರ ಬಾಯೀನ ಹಂಗಾತು."

ಅಮಸಿದ್ದಪ್ಪನವರ ನಾಲಿಗೆಯ ಅರ್ಧ ಭಾಗವನ್ನು ತೆಗೆಯಬೇಕಾಯಿತು. ಮಾತು ನಿಂತಿತು, ರುಚಿ ಹೋಯಿತು. ಆದರೂ ಮೂಗು ಉಳಿದಿತ್ತು. ಸ್ವಲ್ಪ ದಿನ ಮನೆಯಲ್ಲಿ ಗೋಡೆ ನೋಡುತ್ತ ಕೂತವರು, ಒಂದು ಮುಂಜಾನೆ ಎದ್ದು ಹೆಂಡತಿಯ ಕೈಹಿಡಿದು ಶೆಡ್ಡಿಗೆ ಕರೆತಂದರು. ಚಿಲುಮೆ ತುಂಬಿ ಅವರ ಕೈಗೆ ಕೊಟ್ಟರು.

"ನಾ ಅಲ್ಲೀತನಕ ತಂಬಾಕ ಬಾಯಿಗೆ ಇಟ್ಟಾಕಿ ಅಲ್ರಿ. ಅವ್ರ ಚಂಚಿ ಚೀಲ ತುಂಬಿ ಕೊಡೂದು, ಅಷ್ಟ. ಮೊದಲನೇ ಸಲ ಎಳದಾಗ ಶೆಡ್ಡಿನ ಹಿಂದ ಹೋಗಿ ಕಾರಿಕೊಂಡ್ನಿ. ಅವ್ರು ಬೆನ್ನು ಸವರಿದ್ರು. ಬ್ಯಾಡ ಬಿಡು ಅಂತ ಸನ್ನಿ ಮಾಡ್ತಾರ ಅನ್ಕೊಂಡ್ನಿ. ನೀರು ಕುಡಿಸಿ ಮತ್ತ ಚಿಲುಮಿ ಕೊಟ್ರು."

ಹೀಗೆ ಪಾಠ ನಡೆಯಿತು. ಬೋರವ್ವ ಎಳೆಯಬೇಕು, ಎಲ್ಲಿ ಏನಾಯಿತು ಹೇಳಬೇಕು. ಅಮಸಿದ್ದಪ್ಪ ಅವರ ಗಲ್ಲದ ಮೇಲೆ ಬೆರಳಿಟ್ಟು ಇಲ್ಲಿ ಏನಾಗುತ್ತಿದೆ, ಇಲ್ಲಿ ಏನಾಗುತ್ತಿದೆ ಎಂದು ಕಣ್ಣಲ್ಲೇ ಕೇಳುತ್ತಿದ್ದರು. ಉತ್ತರ ಸರಿಯಿದ್ದರೆ ತಲೆಯಾಡಿಸುವರು. ತಪ್ಪಿದ್ದರೆ ಮತ್ತೆ ಎಳೆಯಲು ಸನ್ನೆ. ಎರಡು ವರ್ಷ ಗಂಡನ ತೀರ್ಪು ಹೆಂಡತಿಯ ಬಾಯಿಂದ ಬಂತು. ಅವರು ತೀರಿಕೊಂಡ ಮೇಲೆ ಕೇಳಲು ಯಾರೂ ಇರಲಿಲ್ಲ. ಅಷ್ಟರಲ್ಲಿ ಕೇಳುವ ಅಗತ್ಯವೂ ಉಳಿದಿರಲಿಲ್ಲ.

ಗಂಡನ ಪ್ರಾಣ ತಿಂದ ಕೆಲಸವನ್ನು ಆಮೇಲೂ ಯಾಕೆ ಹಿಡಿದುಕೊಂಡಿರಿ? ಪ್ರಶ್ನೆ ಕೇಳಿ ಬೋರವ್ವ ಚೂರಿಯನ್ನು ಸೆರಗಿನಲ್ಲಿ ಒರೆಸಿ ಪಕ್ಕಕ್ಕಿಡುತ್ತಾರೆ.

"ಹೊಟ್ಟೀಪಾಡು ಅಂದ್ರ ನೀವು ಒಪ್ಪತೀರಿ. ಆದ್ರ ಅದೊಂದ ಅಲ್ರಿ. ತವರಮನ್ಯಾಗ ನನ್ನ ಏನೂ ಕೇಳಿದ್ದಿಲ್ಲ. ಇವ್ರಿಗೆ ಕೊಡಬೇಕಾದ್ರೂ ಕೇಳಲಿಲ್ಲ. ಇಲ್ಲಿ ನೋಡ್ರಿ, ಇಷ್ಟು ಗಂಡಸರು ಕೆಲಸ ನಿಲ್ಲಿಸಿ ನಾ ಏನಂತೇನಿ ಅಂತ ಕಾಯ್ತಿದ್ರು. ನಾ ಹೂಂ ಅಂದ್ರ ಗಾಡಿ ತುಂಬ್ತಿತ್ತು, ಊಂಹೂಂ ಅಂದ್ರ ನಿಲ್ತಿತ್ತು. ಆ ರುಚಿ ಬಿಡಾಕ ಆಗಲಿಲ್ರಿ."

ಆ ರುಚಿಗೆ ತೆತ್ತದ್ದು ಕಡಿಮೆಯಲ್ಲ. ಒಬ್ಬಳೇ ಮಗಳು ಸುರೇಖಾ ಬಾಗಲಕೋಟೆಯಲ್ಲಿ ನರ್ಸ್. ಬಾಯಿ, ಗಂಟಲ ಕ್ಯಾನ್ಸರಿನವರನ್ನು ಇಡುವ ವಾರ್ಡಿನಲ್ಲೇ ಅವರ ಕೆಲಸ. ಅಪ್ಪನ ದಿನಕರ್ಮ ಮುಗಿದ ಮರುದಿನವೇ ತಾಯಿಯನ್ನು ತನ್ನ ಜೊತೆ ಬಾ ಎಂದು ಕರೆದರು. ಬೋರವ್ವ ಹೋಗಲಿಲ್ಲ. ಸುರೇಖಾ ಊರಿಗೆ ಬರುವುದನ್ನೇ ಬಿಟ್ಟರು. ಮೊಮ್ಮಗಳು ಹುಟ್ಟಿದ ಸುದ್ದಿ ಬೋರವ್ವನಿಗೆ ತಿಳಿದದ್ದು ನೆರೆಮನೆಯವರಿಂದ.

"ನಮ್ಮ ವಾರ್ಡಿಗೆ ಬಂದವ್ರ ಬಾಯಿ ತೊಳಿಯಾಕಿ ನಾ," ಇಲ್ಲಿಗೆ ಬರುವ ಮುನ್ನ ಫೋನಿನಲ್ಲಿ ಸುರೇಖಾ ನನಗೆ ಹೇಳಿದ್ದರು. "ಅವ್ರ ಬಾಯಿಗೆ ಹೋಗೂ ಮಾಲು ಛಲೋ ಐತಿ ಅಂತ ಹೇಳಾಕಿ ನಮ್ಮವ್ವ. ಒಂದ ಮನ್ಯಾಗ ಹೆಂಗ ಕೂಡಿ ಊಟಾ ಮಾಡೂದ್ರಿ?"

ಹುಣ್ಣು ಕಾಣಿಸಿಕೊಂಡು ಎಷ್ಟು ದಿನವಾಯಿತೋ ಬೋರವ್ವ ಯಾರಿಗೂ ಹೇಳಿರಲಿಲ್ಲ. ಈ ಬೇಸಿಗೆಯಲ್ಲಿ ಚೊಳಚಗುಡ್ಡದಲ್ಲಿ ಸಂಬಂಧಿಕರ ಮದುವೆ. ಪಂಕ್ತಿಯಲ್ಲಿ ಎಲ್ಲರೂ ರೊಟ್ಟಿ ಮುರಿದು ತಿನ್ನುತ್ತಿರುವಾಗ ಬೋರವ್ವ ಒಬ್ಬರೇ ಅದನ್ನು ಮಜ್ಜಿಗೆಯಲ್ಲಿ ನೆನೆಸಿ, ಬಲಗಡೆಗೆ ಮಾತ್ರ ಹಾಕಿಕೊಳ್ಳುತ್ತಿದ್ದುದನ್ನು ಎದುರು ಸಾಲಿನಿಂದ ಮಗಳು ನೋಡಿದರು. ವರ್ಷಗಳಿಂದ ಮಾತಿರಲಿಲ್ಲ. ಊಟದ ನಂತರ ನೇರ ಬಂದು, "ಯವ್ವಾ, ಬಾಯಿ ತಗಿ" ಎಂದರು. ಮೊಬೈಲ್ ಬೆಳಕು ಹಿಡಿದು ನೋಡಿದರು. ತಾಯಿಯ ತಲೆಯ ಮೇಲೆ ಸೆರಗು ಸರಿಮಾಡಿ, ಕೈಹಿಡಿದುಕೊಂಡು ಬಾಗಲಕೋಟೆಯ ಬಸ್ಸಿಗೆ ನಡೆದರು.

"ಬೈಲಿಲ್ರಿ," ಎನ್ನುತ್ತಾರೆ ಬೋರವ್ವ. "ಬೈದಿದ್ರ ಛಲೋ ಇತ್ತು. ಅಕಿ ಸುಮ್ನಿದ್ದದ್ದು ನೋಡಿನ ನನಗ ಗೊತ್ತಾತು, ಇದು ಸಣ್ಣದಲ್ಲ ಅಂತ."

ಬೋರವ್ವ ಕೆಲಸ ಬಿಡುತ್ತಾರೆ ಎಂಬ ಸುದ್ದಿ ಹರಡುತ್ತಲೇ, ಶೆಡ್ಡಿನಲ್ಲಿ ಎಲೆಯ ನರ ತೆಗೆಯುವ ಸವಿತಾ, ಬೋರವ್ವನ ಮನೆಗೆ ಬಂದಳು. ಅದೇ ಓಣಿಯವಳು, ಬೋರವ್ವನನ್ನು ಚಿಕ್ಕಮ್ಮ ಎಂದೇ ಕರೆಯುತ್ತಾಳೆ. ಲಾರಿ ಅಪಘಾತದಲ್ಲಿ ಗಂಡ ಹೋದ ಮೇಲೆ ಎರಡು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ದುಡಿಯುತ್ತಿದ್ದಾಳೆ. "ಚಿಗವ್ವಾ, ಹದ ನೋಡೂದು ನನಗ ಕಲಿಸು" ಎಂದು ಕೇಳಿದಳು. ಬಾಬುಸಾಬರಿಗೂ ಅದೇ ಬೇಕಿತ್ತು. ಕಲಿತವರಿದ್ದರೆ ಶೆಡ್ಡು ಇನ್ನಷ್ಟು ವರ್ಷ ನಡೆದೀತು.

ಬೋರವ್ವ ಒಪ್ಪಲಿಲ್ಲ. ಸವಿತಾ ಮತ್ತೆ ಬಂದಳು, ಅತ್ತಳು, ಕಾಲು ಹಿಡಿದಳು. ಬೋರವ್ವ ಅವಳನ್ನು ಎಬ್ಬಿಸಿ ಕೂರಿಸಿ, ತಮ್ಮ ಬಾಯಿ ತೆರೆದು ತೋರಿಸಿದರು. ಸವಿತಾ ನೋಡಿದಳು. "ನೋಡಿದ್ನಿ. ಈಗರ ಕಲಿಸು" ಎಂದಳು. ಆಗಲೂ ಬೋರವ್ವ ಇಲ್ಲವೆಂದರು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಈ ಮುಂಜಾನೆಯೂ ಸವಿತಾ ಶೆಡ್ಡಿನ ಇನ್ನೊಂದು ಬದಿಯಲ್ಲಿ ಬೆನ್ನು ಮಾಡಿ ಕೂತಿದ್ದಾಳೆ. ಮಾತಾಡಿಸಿದರೆ ಕೈ ನಿಲ್ಲಿಸದೆಯೇ ಹೇಳುತ್ತಾಳೆ: "ಚಿಗವ್ವಗ ನನ್ನ ಬಾಯಿ ಚಿಂತಿ ಐತ್ರಿ. ನನಗ ನನ್ನ ಮಕ್ಕಳ ಬಾಯಿ ಚಿಂತಿ. ಶೆಡ್ಡು ಮುಚ್ಚಿದ ಮ್ಯಾಲ ಈ ಎಲಿ ಹರಿಯೂ ಕೆಲಸಾನೂ ಹೋತು. ಆವಾಗ ಅಕಿ ಬಂದು ಅಡಗಿ ಮಾಡಿ ಹಾಕ್ತಾಳೇನು?"

ಬೋರವ್ವನಿಗೆ ಈ ಮಾತು ಕೇಳಿಸುತ್ತದೆ. ಹೊರಗೆ ಬಂದಾಗ ನನಗಷ್ಟೇ ಕೇಳುವಂತೆ, "ಅಕಿ ಅನ್ನೂದು ಖರೆ ಐತ್ರಿ" ಎನ್ನುತ್ತಾರೆ. "ಅಕಿಗೆ ದವಾಖಾನ್ಯಾಗ ಆಯಾ ಕೆಲಸ ಸಿಗತೈತೇನು ನೋಡು ಅಂತ ಸುರೇಖಾಗ ಹೇಳೇನಿ. ಇನ್ನಾ ಏನೂ ಆಗಿಲ್ಲ. ಆಗತೈತೋ ಇಲ್ಲೋ. ಆದ್ರ ನಮ್ಮವ್ರು ನನಗ ಕಲಿಸಿದ್ರು, ನಾ ಅಕಿಗೆ ಕಲಿಸ್ತೇನಿ, ನಾಳೆ ಅಕಿ ತನ್ನ ಮಗಳಿಗೆ ಕಲಿಸ್ತಾಳ. ಎಲ್ಲಿ ನಿಲ್ಲೂದ್ರಿ ಇದು? ನನ್ನ ಸಂಗಾಟ ಹೋಗ್ಲಿ."

ಗಂಡ ಕಲಿಸಿದ್ದು ತಪ್ಪು ಎನ್ನುತ್ತೀರಾ ಎಂದರೆ ಅವರ ಮುಖ ಗಂಟಿಕ್ಕುತ್ತದೆ. "ಅವ್ರಿಗೆ ಅದೊಂದ ಗೊತ್ತಿತ್ತು. ಇದ್ದದ್ದನ್ನ ಕೊಟ್ರು. ತಪ್ಪು ಅನ್ನಾಕ ನನಗ ಬಾಯಿ ಬರಂಗಿಲ್ರಿ."

ಬಿಸಿಲೇರುವಷ್ಟರಲ್ಲಿ ಹೆಚ್ಚಿನ ಅಚ್ಚುಗಳ ಪರೀಕ್ಷೆ ಮುಗಿಯುತ್ತದೆ. ಹದವಾದವನ್ನು ಬಾಬುಸಾಬರು ಬಾಗಿಲ ಬಳಿ ಜೋಡಿಸಿದ್ದಾರೆ. ಇಳಕಲ್ಲಿನ ಅಂಗಡಿಗೆ ಹೋಗುವ ಕೊನೆಯ ಮಾಲು ಅದು. ಗೋಡೆಯ ಬದಿಗೆ, ಮುಂಜಾನೆ ಹಸಿ ಎಂದದ್ದೂ ಸೇರಿ, ಇನ್ನೂ ಎರಡು ಉಳಿದಿವೆ. ಹಾಳೆ ಕೊಯ್ದು ಹೊಸಕಿದ ಬೋರವ್ವ ತಲೆಯಲ್ಲಾಡಿಸುತ್ತಾರೆ.

"ಇವು ಇನ್ನೂ ತಿಂಗಳ ಮಲಗಬೇಕ್ರಿ."

ಬಾಬುಸಾಬರು ಚಿಲುಮೆ ಕೆಳಗಿಡುತ್ತಾರೆ. "ತಿಂಗಳಾದ ಮ್ಯಾಲ ಯಾರು ನೋಡಾವ್ರು ಅಕ್ಕಾ? ಇವತ್ತ ಕಳಿಸಿಬಿಡೂಣು. ಅಂಗಡಿಯವಂಗ ಏನು ತಿಳೀತೈತಿ?"

"ನೋಡಾವ್ರು ಇಲ್ಲ ಅಂತ ಹಸೀದು ಕೊಡ್ತೀರೇನ್ರಿ? ಎಳಿಯಾವ ಮುದುಕ ನಾಲಗಿ ಸುಟ್ಕೊಂಡು ನಮಗ ಬೈತಾನ. ಬ್ಯಾಡ."

ಬಾಬುಸಾಬರು ಆ ಎರಡು ಅಚ್ಚುಗಳನ್ನು ಎತ್ತಿಕೊಂಡು ಹೋಗಿ ಹಿತ್ತಿಲ ತಿಪ್ಪೆಗೆ ಹಾಕಿ ಬರುತ್ತಾರೆ. ಶೆಡ್ಡನ್ನು ಈ ವಾರವೇ ಖಾಲಿ ಮಾಡುತ್ತಾರಂತೆ. ಪ್ರೆಸ್ಸನ್ನು ಗುಜರಿಯವರು ಬಂದು ನೋಡಿಹೋಗಿದ್ದಾರೆ. "ಅಪ್ಪನ ಕಾಲದಿಂದ ಮಂದಿ ನಮ್ಮ ಮಾಲಿಗೆ ಹೆಸರಿಟ್ಟು ಕೇಳತಿದ್ರು," ಎನ್ನುತ್ತಾರೆ ಅವರು. "ಆ ಹೆಸರು ಮೊದಲು ಅಮಸಿದ್ದಪ್ಪಣ್ಣಂದು, ಆಮ್ಯಾಲ ಅಕ್ಕಂದು. ನಾ ಬರೇ ರೊಕ್ಕಾ ಎಣಿಸಿದಂವಾ. ಇಬ್ಬರ ಬಾಯಿ ತಿಂದ್ನೇನು ಅಂತ ಒಮ್ಮೊಮ್ಮೆ ಅನಸತೈತ್ರಿ."

ಇಂಥ ಕೆಲಸದ ಬಗ್ಗೆ ಪತ್ರಿಕೆಯ ಈ ಪುಟದಲ್ಲಿ ಹೇಗೆ ಬರೆಯುವುದೆಂದು ನನಗೂ ತೋಚಲಿಲ್ಲ. ಅಳುಕುತ್ತಲೇ ಬೋರವ್ವನನ್ನು ಕೇಳಿದೆ. "ಹೊಗಳಬ್ಯಾಡ್ರಿ," ಎಂದರು. "ಬೈದು ಬರದ್ರೂ ನಡೀತೈತಿ. ಹೆಂಗಿತ್ತೋ ಹಂಗ ಬರೀರಿ. ಆದ್ರ ಕಣ್ಣುಮುಚ್ಚಿ ಮಾಡಿದ ಕೆಲಸ ಅಲ್ಲ, ಮನಸಿಟ್ಟು ಮಾಡಿದ್ಳು ಅಂತ ಒಂದು ಮಾತು ಹಾಕ್ರಿ."

ಮಧ್ಯಾಹ್ನ ಅವರ ಮನೆಗೆ ಹೋದಾಗ ಸುರೇಖಾ ರಜೆ ಹಾಕಿ ಬಂದಿದ್ದಾರೆ. ಅಪ್ಪ ಹೋದ ಮೇಲೆ ಇದೇ ಮೊದಲ ಸಲ ಈ ಮನೆಯ ಒಲೆಯ ಮುಂದೆ ಕೂತಿದ್ದಾರೆ. ನಾಳೆಯೇ ತಾಯಿಯನ್ನು ಕರೆದೊಯ್ಯುತ್ತಾರೆ. ಕೆನ್ನೆಯ ಒಳಭಾಗವನ್ನೂ ನಾಲಿಗೆಯ ಒಂದು ಅಂಚನ್ನೂ ತೆಗೆಯಬೇಕಾಗಬಹುದು ಎಂದು ಡಾಕ್ಟರು ಹೇಳಿದ್ದಾರೆ. ಎಷ್ಟು ತೆಗೆಯುತ್ತಾರೆ, ಎಷ್ಟು ಉಳಿಯುತ್ತದೆ ಎಂಬುದು ತೆರೆದು ನೋಡಿದ ಮೇಲೆಯೇ. ವಾರ್ಡಿನಲ್ಲಿ ದಿನವೂ ಇದನ್ನೇ ಇತರರಿಗೆ ವಿವರಿಸುವ ಸುರೇಖಾ, ತಾಯಿಯ ಎದುರು ಆ ಮಾತೆತ್ತದೆ ಮೆಂತ್ಯೆ ಸೊಪ್ಪು ಸೋಸುತ್ತಿದ್ದಾರೆ.

ಬೋರವ್ವ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಾರೆ. ಎಷ್ಟು ತೊಳೆದರೂ ಬೆರಳ ತುದಿಯ ಕಂದು ಹೋಗಿಲ್ಲ. ಆಪರೇಷನ್ ಆದ ಮೇಲೆ ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಅವರು ಒಲೆಯ ಕಡೆ ನೋಡುತ್ತಾರೆ.

"ದೊಡ್ಡ ಆಸೆ ಏನಿಲ್ರಿ. ಮಗಳು ಮಾಡಿದ ಪಲ್ಯಾಕ ಉಪ್ಪು ಹೆಚ್ಚಾತೋ ಕಡಿಮ್ಯಾತೋ, ಅಷ್ಟು ಹೇಳೂವಷ್ಟು ನಾಲಗಿ ಉಳದ್ರ ಸಾಕು."