ಕಪ್ಪೆಚಿಪ್ಪಿನಲ್ಲಿ ಕಪ್ಪೆ ಇಲ್ಲ

ಸುಜಾತಾ ಮಿಸ್ಸಿಗೆ ಸಿಟ್ಟು ಬಂದರೆ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಆ ಇಳಿದ ದನಿ ಕೇಳಿದರೆ ಎಂಟನೇ ತರಗತಿಯ ಪುಂಡರೂ ಬೆಂಚಿಗೆ ಅಂಟಿಕೊಳ್ಳುತ್ತಿದ್ದರು. ಬಸವೇಶ್ವರನಗರದ ಖಾಸಗಿ ಶಾಲೆಯೊಂದರಲ್ಲಿ ಅವರು ಕನ್ನಡ ಕಲಿಸುತ್ತಿದ್ದರು, ನಾನು ಗಣಿತ. ಅವರು ಕರಾವಳಿಯ ಮಲ್ಪೆಯವರು, ಮನೆಮಾತು ತುಳು. ಯಾವ ಪದ ಕಿವಿಗೆ ಬಿದ್ದರೂ ಅದು ಎಲ್ಲಿಂದ ಬಂತು ಎಂದು ಕೆದಕುವ ಚಾಳಿ. ನಾನು ಚಪಾತಿ ಹಿಟ್ಟು ನಾದಿದೆ ಎಂದರೆ, ನಾದಕ್ಕೂ ನಾದುವುದಕ್ಕೂ ನೆಂಟಸ್ತಿಕೆ ಇದೆಯೋ ಇಲ್ಲವೋ ಎಂದು ಯೋಚಿಸುತ್ತ ಊಟವನ್ನೇ ಮರೆಯುವರು.

ಒಂದು ಸೋಮವಾರ ಅವರ ಡಬ್ಬಿಯಲ್ಲಿ ತೆಂಗಿನತುರಿ ಹಾಕಿ ಹುರಿದ ಮರುವಾಯಿ ಸುಕ್ಕ ಇತ್ತು. ಅದೇನೆಂದು ವಿಜ್ಞಾನದ ಮಿಸ್ ಕೇಳಿದರು. ಮರುವಾಯಿ ಎಂದರೆ ಇಲ್ಲಿಯವರಿಗೆ ತಿಳಿಯಲಿಕ್ಕಿಲ್ಲ ಎಂದು ಇವರು ಪುಸ್ತಕದ ಪದ ಹೇಳಿದರು: ಕಪ್ಪೆಚಿಪ್ಪು. ಆಕೆ ಕುರ್ಚಿಯನ್ನು ಹಿಂದಕ್ಕೆಳೆದುಕೊಂಡು, “ಅಯ್ಯೋ, ಕಪ್ಪೆ ತಿಂತೀರಾ ಮಿಸ್?” ಎಂದರು. ಸ್ಟಾಫ್ ರೂಮ್ ನಕ್ಕಿತು.

ಸುಜಾತಾ ಮಿಸ್ ಡಬ್ಬಿ ಮುಚ್ಚಲಿಲ್ಲ. “ಇದರಲ್ಲಿ ಕಪ್ಪೆ ಇಲ್ಲ ಮಾರಾಯ್ರೆ. ಕಪ್ಪೆ ಇರುವ ಕೆಸರಲ್ಲಿ ಸಿಗ್ತದೆ, ಅದಕ್ಕೆ ಆ ಹೆಸರು ಅಂತ ಕೆಲವರು ಹೇಳ್ತಾರೆ. ಕಪ್ಪು ಚಿಪ್ಪೇ ಹಾಗಾಯ್ತು ಅಂತ ಕೆಲವರು. ಯಾವುದು ಸರಿಯೋ ನನಗೂ ಗೊತ್ತಿಲ್ಲ. ಚಿಪ್ಪು ಮಾತ್ರ ತೆಂಗಿನಕಾಯಿಗೂ ಉಂಟು, ಆಮೆಗೂ ಉಂಟು, ನಿಮ್ಮ ಮಂಡಿಯಲ್ಲೂ ಉಂಟು. ನಿಮಗೆ ಅರ್ಥ ಆಗ್ಲಿ ಅಂತ ನಿಮ್ಮ ಪದ ಹೇಳಿದೆ. ತಪ್ಪಾಯ್ತು.”

ಮರುದಿನವೇ ಹೆಡ್‌ಮಿಸ್ ಕರೆಸಿ, ಇನ್ನು ಮುಂದೆ ಸ್ಟೋರ್ ರೂಮಿನಲ್ಲಿ ಊಟ ಮಾಡಿ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಎಂದರಂತೆ. ಬಚ್ಚಿಟ್ಟು ತಿನ್ನುವಂಥದ್ದು ನನ್ನ ಡಬ್ಬಿಯಲ್ಲಿ ಏನೂ ಇಲ್ಲ ಎಂದು ಇವರು ಹೇಳಿ ಬಂದರು. ಅಂದಿನಿಂದ ಆಫೀಸಿನ ಎದುರಿನ ಮೆಟ್ಟಿಲ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಕೂತು ಉಣ್ಣತೊಡಗಿದರು. ನಾನೂ ಚಿತ್ರಾನ್ನದ ಡಬ್ಬಿ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದೆ.

‘ಕಪ್ಪೆ ಮಿಸ್’ ಎಂಬ ಅಡ್ಡಹೆಸರು ಸ್ಟಾಫ್ ರೂಮಿನಲ್ಲಿ ಹುಟ್ಟಿ ಮಕ್ಕಳ ಬಾಯಿಗೆ ಹೋಯಿತು. ದೊಡ್ಡವರು ಕಲಿಸದೆ ಅದು ಅಲ್ಲಿಗೆ ಹೋಗುವುದಾದರೂ ಹೇಗೆ? ಒಂದು ಬೆಳಿಗ್ಗೆ ಅವರ ತರಗತಿಯ ಬೋರ್ಡಿನ ಮೇಲೆ ಯಾರೋ ಕಪ್ಪೆಯ ಚಿತ್ರ ಬರೆದಿದ್ದರು. ಮಿಸ್ ಅಳಿಸಲಿಲ್ಲ. ಬೇರೆಯವರು ನಗುತ್ತಾರೆಂದು ನೀವು ಶಾಲೆಯಲ್ಲಿ ಆಡದ ಮನೆಯ ಮಾತು ಯಾವುದು ಎಂದು ಒಬ್ಬೊಬ್ಬರನ್ನೇ ಕೇಳಿದರು. ಕಲಬುರಗಿಯಿಂದ ಬಂದ ಹುಡುಗಿ ಮೊದಲು ಬಾಯಿಬಿಟ್ಟಳು. ಆಮೇಲೆ ಬೋರ್ಡಿನಲ್ಲಿ ಜಾಗ ಸಾಲಲಿಲ್ಲ. ಪಕ್ಕದ ತರಗತಿಯಲ್ಲಿದ್ದ ನನಗೆ ಮಕ್ಕಳ ನಗು ಕೇಳುತ್ತಿತ್ತು. ಅದು ಗೇಲಿಯ ನಗುವಾಗಿರಲಿಲ್ಲ.

ಪಾಠ ಬಿಟ್ಟು ಮಕ್ಕಳಿಗೆ ಮೀನು-ಮಾಂಸದ ಮಾತು ಹೇಳಿಕೊಡುತ್ತಾರೆಂದು ಪೋಷಕರೊಬ್ಬರು ದೂರಿದರು. ಏಪ್ರಿಲ್‌ನಲ್ಲಿ ಸುಜಾತಾ ಮಿಸ್ಸನ್ನು ಕೆಲಸದಲ್ಲಿ ಮುಂದುವರಿಸಲಿಲ್ಲ. ಶಿಸ್ತಿನ ಕಾರಣವಂತೆ. ಕಾರಣ ಏನೆಂದು ಗೊತ್ತಿದ್ದವರೆಲ್ಲ ಬೀಳ್ಕೊಡುಗೆಯಲ್ಲಿ ಕೇಸರಿಭಾತ್ ತಿಂದು ಕೈ ಒರೆಸಿಕೊಂಡರು.

ಅವರನ್ನು ಕೊನೆಯ ಬಾರಿ ನೋಡಿದ್ದು ಅತ್ತಿಗುಪ್ಪೆ ಮೆಟ್ರೋ ನಿಲ್ದಾಣದಲ್ಲಿ. ಕೆಂಗೇರಿ ಉಪನಗರದ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತ್ತು. ಅಲ್ಲಿಯವರು ಹೇಗೆ ಎಂದೆ. ಒಳ್ಳೆಯವರು, ಯಾರೂ ಏನೂ ಕೇಳುವುದಿಲ್ಲ ಎಂದರು. ರೈಲು ಬರುವ ಕಡೆ ನೋಡುತ್ತ, “ನಾನೂ ಈಗ ಮೊಸರನ್ನವೇ ತಗೊಂಡು ಹೋಗುವುದು” ಎಂದರು.

ರೈಲು ಬಂತು. ಅವರು ಕೈಬೀಸಿ ಹತ್ತಿಕೊಂಡರು. ನನಗೆ ಕೈ ಎತ್ತಲೂ ಆಗಲಿಲ್ಲ, ಅವರನ್ನು ಮೊಸರನ್ನಕ್ಕೆ ಇಳಿಸಿದವರ ಮೇಲೆ ಅಷ್ಟು ಸಿಟ್ಟು ಬಂದಿತ್ತು.